ಕಾರಿನ ಎಸಿ: ಎಲ್ಲರೂ ಗ್ಯಾಸ್ ಅಂದರು, ಕೆಟ್ಟಿದ್ದು ಫ್ಯಾನ್

ಕಾರಿನ ಎಸಿ ಸರಿಯಾಗಿ ತಂಪಾಗುತ್ತಿಲ್ಲ ಅಂತ ಯಾರ ಹತ್ತಿರ ಬೇಕಾದರೂ ಹೇಳಿ ನೋಡಿ. ಪಕ್ಕದ ಮನೆಯವರು, ಆಫೀಸಿನ ಡ್ರೈವರ್, ಟೈರಿಗೆ ಗಾಳಿ ಹಾಕುವ ಹುಡುಗ, ಎಲ್ಲರದ್ದೂ ಒಂದೇ ಮಾತು: "ಗ್ಯಾಸ್ ಖಾಲಿ ಆಗಿರುತ್ತೆ, ಹೊಡೆಸಿಬಿಡಿ." ಅದೇನು ಓಡಿಸಿದಷ್ಟೂ ಉರಿದು ಹೋಗುವ ವಸ್ತುವಾ? ಎಸಿಯ ಗ್ಯಾಸ್ ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ಸೀಲು, ಹೋಸ್‌ಗಳ ಮೂಲಕ ವರ್ಷಕ್ಕೆ ಸ್ವಲ್ಪ ಜಿನುಗಬಹುದು, ಅಷ್ಟೇ. ಅದಕ್ಕಿಂತ ಬೇಗ ಕಡಿಮೆಯಾದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಲೀಕ್ ಹುಡುಕದೆ ಮತ್ತೆ ಮತ್ತೆ ತುಂಬಿಸಿದರೆ ದುಡ್ಡು ದಂಡ. ಇನ್ನು ಗ್ಯಾಸ್ ಸರಿಯಾಗೇ ಇದ್ದು ಮೇಲೆ ತುಂಬಿಸಿದರೆ ಏನಾಗುತ್ತದೆ ಅನ್ನುವುದು ಈ ಬೇಸಿಗೆಯಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು.

ಕಾರು ಭಾವನದ್ದು. ಅವರಿಗೆ ಬೆಳಗಾವಿಗೆ ವರ್ಗವಾದಾಗ ನನಗೆ ಕೊಟ್ಟು ಹೋದರು. ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಗಾಡಿ. ಕೀ ಕೊಡುವಾಗಲೇ "ಎಸಿ ಸ್ವಲ್ಪ ವೀಕ್ ಇತ್ತು, ಗ್ಯಾಸ್ ಹೊಡೆಸಿದ್ದೀನಿ, ಈಗ ಪರವಾಗಿಲ್ಲ" ಅಂದಿದ್ದರು. ನಾನಿರುವುದು ಹೊಸಪೇಟೆಯಲ್ಲಿ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಬಿಸಿಲಲ್ಲಿ ಆ "ಪರವಾಗಿಲ್ಲ" ಎಷ್ಟು ದಿನ ಬಾಳೀತು ಹೇಳಿ.

ವಿಚಿತ್ರ ಏನೆಂದರೆ ಎಸಿ ಪೂರ್ತಿ ಕೆಟ್ಟಿರಲಿಲ್ಲ. ತೋರಣಗಲ್ಲು ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುತ್ತಿದ್ದರೆ ಒಳಗೆ ಹಾಯಾಗಿರುತ್ತಿತ್ತು. ಊರೊಳಗೆ ಬಂದು ಸಿಗ್ನಲ್ಲಿನಲ್ಲೋ ರೈಲ್ವೆ ಗೇಟಿನಲ್ಲೋ ನಿಂತರೆ ಎರಡು ನಿಮಿಷಕ್ಕೆ ಉಗುರುಬೆಚ್ಚನೆ ಗಾಳಿ. ಇನ್ನೂ ಸ್ವಲ್ಪ ಹೊತ್ತು ನಿಂತರೆ ಬಾನೆಟ್ ಒಳಗೆ ಏನೋ ಜೋರಾಗಿ ಗುಂಯ್‌ಗುಡುತ್ತದೆ, ಆಗ ಒಂದು ಚೂರು ತಂಪು, ಆ ಸದ್ದು ನಿಂತ ಮೇಲೆ ಮತ್ತೆ ಸೆಕೆ. ಈ ಏರಿಳಿತವನ್ನು ಗಮನಿಸಿದ ಮೇಲೆಯೇ ನನಗೆ ಗ್ಯಾಸಿನ ಮೇಲೆ ಅನುಮಾನ ಕಡಿಮೆಯಾಗಿದ್ದು.

ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ತಂದೆ. ಉದ್ದ ಕಡ್ಡಿ ಇರುತ್ತದಲ್ಲ, ಅಡುಗೆಗೆ ಬಳಸುವಂಥದ್ದು. "ತಂಪಿಲ್ಲ" ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ಅಂಕಿ ಇದ್ದರೆ ಜಗಳವಿಲ್ಲ. ಅದನ್ನು ನಡುವಿನ ವೆಂಟ್‌ಗೆ ಸಿಕ್ಕಿಸಿ, ಕಿಟಕಿ ಏರಿಸಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ರೀಸರ್ಕ್ಯುಲೇಷನ್ ಹಾಕಿ, ಬ್ಲೋವರ್ ಎರಡರಲ್ಲಿಟ್ಟು ಓಡಿಸಿದೆ. ಹೈವೇಯಲ್ಲಿ 10 ಡಿಗ್ರಿ. ಮನೆ ಮುಂದೆ ನಿಲ್ಲಿಸಿ ಎಂಜಿನ್ ಹಾಗೇ ಬಿಟ್ಟರೆ 20. ಹೊರಗೆ 40.

ಬ್ಲೋವರಿನ ಗಾಳಿಯೂ ಯಾಕೋ ಮಂದ ಅನ್ನಿಸಿತ್ತು. ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸಿನ ಎರಡು ಪಕ್ಕ ಒತ್ತಿದರೆ ಅದು ಕೆಳಗೆ ಜೋತು ಬೀಳುತ್ತದೆ, ಹಿಂದೆಯೇ ಕ್ಯಾಬಿನ್ ಫಿಲ್ಟರ್. ಎಳೆದು ನೋಡಿದರೆ ಬೇವಿನೆಲೆ, ಕೂದಲು, ಮೇಲೊಂದು ಪದರ ಕೆಂಪು ಧೂಳು. ಹೊಸದು ಹಾಕಿದೆ. ಗಾಳಿ ಜೋರಾಯಿತು, ಆದರೆ ಥರ್ಮಾಮೀಟರ್ ಅಲ್ಲಾಡಲಿಲ್ಲ. ಗಾಳಿ ಕಡಿಮೆ ಬರುವುದು ಬೇರೆ ಕಾಯಿಲೆ, ಬರುವ ಗಾಳಿ ತಂಪಿಲ್ಲದಿರುವುದು ಬೇರೆ ಕಾಯಿಲೆ. ನನ್ನ ಗಾಡಿಗೆ ಎರಡೂ ಇತ್ತು.

ಆಮೇಲೆ ಊರಿನದೇ ಒಂದು ಎಸಿ ಗ್ಯಾರೇಜಿಗೆ ಹೋದೆ. ಅವರು ಎಂಜಿನ್ ಆಫ್ ಇರುವಾಗಲೇ ಗೇಜ್ ಹಾಕಿದರು. ನೀಲಿ ಹೋಸ್ ಕಡಿಮೆ ಒತ್ತಡದ ಕಡೆಗೆ, ಕೆಂಪು ಹೋಸ್ ಜಾಸ್ತಿ ಒತ್ತಡದ ಕಡೆಗೆ. ಎರಡೂ ಮುಳ್ಳು 130 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ನಿಂತವು. "ನೋಡಿ ಸರ್, ಗ್ಯಾಸ್ ಕಡಿಮೆ ಇದೆ" ಅಂದರು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಕಾರುಗಳಲ್ಲಿರುವುದು ಆರ್134ಎ ಅನ್ನುವ ಗ್ಯಾಸ್. ಪೈಪಿನೊಳಗೆ ಅದು ಸ್ವಲ್ಪ ದ್ರವವಾಗಿ, ಸ್ವಲ್ಪ ಆವಿಯಾಗಿ ಇರುವಷ್ಟು ಹೊತ್ತೂ, ನಿಂತ ಗಾಡಿಯಲ್ಲಿ ಅದರ ಒತ್ತಡ ಅಲ್ಲಿನ ಬಿಸಿಗೆ ತಕ್ಕಂತೆ ಇರುತ್ತದೆಯೇ ಹೊರತು ಎಷ್ಟು ಗ್ಯಾಸ್ ಇದೆ ಅನ್ನುವುದಕ್ಕೆ ತಕ್ಕಂತೆ ಅಲ್ಲ. 30 ಡಿಗ್ರಿಯಲ್ಲಿ ಸುಮಾರು 97, 40 ಡಿಗ್ರಿಯಲ್ಲಿ ಸುಮಾರು 132. ಅಡುಗೆ ಗ್ಯಾಸಿನ ಸಿಲಿಂಡರಿನಲ್ಲೂ ಇದೇ ಕಥೆ, ಅದಕ್ಕೇ ಎಷ್ಟು ಉಳಿದಿದೆ ಅಂತ ತಿಳಿಯಲು ಎತ್ತಿ ನೋಡುತ್ತೇವೆ. ಹೀಗಾಗಿ ಆ 130 ಹೇಳುತ್ತಿದ್ದುದು "ಒಳಗೆ ಗ್ಯಾಸ್ ಇದೆ" ಅಂತ ಮಾತ್ರ. ಎಷ್ಟಿದೆ ಅಂತ ಅಲ್ಲ.

"ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಅಣ್ಣ" ಅಂದೆ. ಸ್ಟಾರ್ಟ್ ಮಾಡಿ ಎಸಿ ಹಾಕಿದರೆ ನೀಲಿ ಗೇಜ್ 60ಕ್ಕೆ ಇಳಿದು ನಿಂತಿತು, ಕೆಂಪು ಗೇಜ್ ನಿಧಾನಕ್ಕೆ ಏರುತ್ತಾ 370 ಮುಟ್ಟಿತು. ಅವರ ಮುಖ ಸ್ವಲ್ಪ ಬದಲಾಯಿತು. "ಹಂಗಾದ್ರೆ ಕಂಪ್ರೆಸರ್ ಹೋಗಿರುತ್ತೆ, 18,000 ಆಗುತ್ತೆ."

ಗೇಜ್ ಓದುವುದು ದೊಡ್ಡ ವಿದ್ಯೆಯೇನಲ್ಲ. ಎರಡೂ ಕಡೆ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ ಇರಬಹುದು. ನೀಲಿ ಜಾಸ್ತಿ, ಕೆಂಪು ಕಡಿಮೆ ಇದ್ದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಸೋತಿದೆ, ಒತ್ತಲು ಆಗುತ್ತಿಲ್ಲ. ಎರಡೂ ಜಾಸ್ತಿ ಇದ್ದರೆ ಮುಖ್ಯವಾಗಿ ಮೂರು ಅನುಮಾನ: ಗ್ಯಾಸ್ ಜಾಸ್ತಿಯಾಗಿದೆ, ಒಳಗೆ ಗಾಳಿ ಸೇರಿಕೊಂಡಿದೆ, ಇಲ್ಲವೇ ಗಾಡಿಯ ಮುಂದಿರುವ ಜಾಲರಿ, ಅಂದರೆ ಕಂಡೆನ್ಸರ್, ಗ್ಯಾಸಿನ ಬಿಸಿಯನ್ನು ಹೊರಗೆ ಹಾಕಲು ಆಗದೆ ಒದ್ದಾಡುತ್ತಿದೆ. ಕಂಪ್ರೆಸರ್ ಸತ್ತಿದ್ದರೆ 370 ಎಲ್ಲಿಂದ ಬರಬೇಕು? ನೀಲಿ ಗೇಜಿನ 60ಕ್ಕೂ ಒಂದು ಅರ್ಥವಿದೆ. ಆ ಒತ್ತಡದಲ್ಲಿ ಈ ಗ್ಯಾಸ್ ಕುದಿಯುವುದು ಸುಮಾರು 17 ಡಿಗ್ರಿಯಲ್ಲಿ. ಒಳಗಿನ ಕೂಲಿಂಗ್ ಕಾಯಿಲೇ 17ರಲ್ಲಿದ್ದರೆ ವೆಂಟಿನಿಂದ 20 ಬಿಟ್ಟು ಇನ್ನೇನು ಬರುತ್ತದೆ? ನೀಲಿ ಗೇಜ್ 40ರ ಕೆಳಗೆ ಬಂದರೆ ಕಾಯಿಲ್ 7 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಮಗೆ ಬೇಕಾಗಿರುವುದು ಅದು.

ಗ್ಯಾರೇಜಿನಲ್ಲಿ ಕೈ ತೊಳೆಯಲು ಡ್ರಮ್ಮಿನಲ್ಲಿ ನೀರಿಟ್ಟಿದ್ದರು. ಒಂದು ಮಗ್ ತೆಗೆದುಕೊಂಡು ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ಸುರಿದೆ. ಸುಯ್ ಅಂತ ಹಬೆ ಎದ್ದಿತು. ಇನ್ನೊಂದು ಮಗ್. ಕೆಂಪು ಗೇಜಿನ ಮುಳ್ಳು 370ರಿಂದ 340, 300, ನೋಡನೋಡುತ್ತಾ 250. ನೀಲಿಯೂ 60ರಿಂದ 45ರ ಕಡೆಗೆ ಜಾರಿತು. ಒಳಗೆ ಕೂತಿದ್ದ ಹುಡುಗ ಥರ್ಮಾಮೀಟರ್ ನೋಡಿ "ಹದಿನಾರು... ಹದಿನಾಲ್ಕು, ಸರ್" ಅಂತ ಕೂಗಿದ. ನೀರು ಆರಿದ ಮೇಲೆ ಮುಳ್ಳು ಮತ್ತೆ ಮೇಲೆ ಹತ್ತಿತು. ಗ್ಯಾಸ್ ಅಷ್ಟೇ ಇದೆ, ಕಂಪ್ರೆಸರ್ ಅದೇ ಇದೆ. ಬದಲಾಗಿದ್ದು ಕಂಡೆನ್ಸರಿನ ಬಿಸಿ ಮಾತ್ರ.

ಆಗ ಗ್ಯಾರೇಜಿನವರೇ ಬಗ್ಗಿ ನೋಡಿ, "ಅರೆ, ಫ್ಯಾನೇ ತಿರುಗ್ತಾ ಇಲ್ವಲ್ಲ!" ಅಂದರು.

ನನ್ನ ಗಾಡಿಯಲ್ಲಿ ರೇಡಿಯೇಟರಿಗೂ ಕಂಡೆನ್ಸರಿಗೂ ಸೇರಿ ಒಂದೇ ಫ್ಯಾನ್. ಅದಕ್ಕೆ ಎರಡು ವೇಗ. ಎಸಿ ಹಾಕಿದರೆ ನಿಧಾನಕ್ಕೆ ತಿರುಗುತ್ತಿರಬೇಕು, ಎಂಜಿನ್ ತುಂಬ ಬಿಸಿಯಾದಾಗ ಜೋರಾಗಿ ತಿರುಗಬೇಕು. ನಿಧಾನದ ವೇಗ ಸತ್ತಿತ್ತು. ರೈಲ್ವೆ ಗೇಟಿನಲ್ಲಿ ನಿಂತಾಗ ಗುಂಯ್‌ಗುಡುತ್ತಿದ್ದುದು ಎಂಜಿನ್ ಕಾದು ಕೊನೆಗೆ ಫ್ಯಾನ್ ಜೋರು ವೇಗದಲ್ಲಿ ಏಳುತ್ತಿದ್ದ ಸದ್ದು. ಹೈವೇಯಲ್ಲಿ ಎದುರಿನಿಂದ ನುಗ್ಗುವ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿತ್ತು. ನೀವೂ ಮನೆಯಲ್ಲೇ ಇದನ್ನು ನೋಡಬಹುದು: ಗಾಡಿ ನಿಲ್ಲಿಸಿ, ಎಸಿ ಹಾಕಿ, ಆಕ್ಸಲರೇಟರ್ ಒತ್ತಿ ಎಂಜಿನ್ನನ್ನು 2,000 ಆರ್‌ಪಿಎಂನಲ್ಲಿ ಹಿಡಿಯಿರಿ. ತಂಪು ಜಾಸ್ತಿಯಾದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆ ನೋಡಬೇಕು. ಜಾಸ್ತಿಯಾಗದೆ ಇನ್ನೂ ಬೆಚ್ಚಗಾದರೆ ಕಂಡೆನ್ಸರಿಗೆ ಗಾಳಿ ಸಿಗುತ್ತಿಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ಆದರೆ ಬಾನೆಟ್ ತೆಗೆದಿರುವಾಗ ಫ್ಯಾನ್ ಹತ್ತಿರ ಕೈ, ದುಪಟ್ಟಾ, ಟೈ ಏನನ್ನೂ ಬಿಡಬೇಡಿ. ಅದು ಹೇಳದೆ ಕೇಳದೆ ಶುರುವಾಗುತ್ತದೆ.

ಫ್ಯಾನಿನ ಕೆಲಸ ಎಲೆಕ್ಟ್ರಿಷಿಯನ್ನದ್ದು. ಅವರು ಮೊದಲು ಹಾರ್ನಿನ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಕಿತ್ತು ಫ್ಯಾನ್ ರಿಲೇ ಜಾಗಕ್ಕೆ ಹಾಕಿ ನೋಡಿದರು, ಎರಡೂ ಒಂದೇ ಥರದ್ದು. ಏನೂ ಆಗಲಿಲ್ಲ. ಫ್ಯೂಸ್ ಸರಿ ಇತ್ತು. ಮೀಟರ್ ಹಿಡಿದರೆ ಎಸಿ ಹಾಕಿದ ತಕ್ಷಣ ಫ್ಯಾನಿನ ಚೌಕಟ್ಟಿಗೆ ಕೂರಿಸಿದ, ಕರೆಂಟ್ ತಗ್ಗಿಸಿ ನಿಧಾನದ ವೇಗ ಕೊಡುವ ರೆಸಿಸ್ಟರ್ ತನಕ 12 ವೋಲ್ಟ್ ಬರುತ್ತಿದೆ, ಆಚೆ ಕಡೆ ಇಲ್ಲ. ಬಿಚ್ಚಿ, ಮೀಟರನ್ನು ಓಮ್ಸ್‌ನಲ್ಲಿಟ್ಟು (ತಡೆಯ ಅಳತೆ) ನೋಡಿದರೆ ಪರದೆಯ ಎಡಕ್ಕೆ ಬರೀ 1, ಅಂದರೆ ಒಳಗೆ ತಂತಿ ಕಡಿದಿದೆ. ಚೆನ್ನಾಗಿರುವ ರೆಸಿಸ್ಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಇಷ್ಟು ದಿನದ ಸೆಕೆಗೆ ಕಾರಣ ಆ ಬೆರಳುದ್ದದ ವಸ್ತು. ಅದರ ಮೇಲಿನ ಬಿಳಿ ಪಿಂಗಾಣಿ ಒಂದು ಕಡೆ ಕಂದುಗಟ್ಟಿ ಬಿರುಕು ಬಿಟ್ಟಿತ್ತು.

"ಇದನ್ನ ಬಿಡಿ ಸರ್, ಡೈರೆಕ್ಟ್ ಕೊಟ್ಟುಬಿಡ್ತೀನಿ. ಎಸಿ ಹಾಕಿದ್ರೆ ಫುಲ್ ಸ್ಪೀಡಲ್ಲಿ ತಿರುಗುತ್ತೆ, ಕೂಲಿಂಗೂ ಸೂಪರ್" ಅಂದರು ಎಲೆಕ್ಟ್ರಿಷಿಯನ್. ಇದು ಬಹಳ ಕಡೆ ನಡೆಯುವ ಕೆಲಸ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಾನು ಒಪ್ಪಲಿಲ್ಲ. ಎಸಿ ಹಾಕಿದಾಗಲೆಲ್ಲ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿದರೆ ಮೋಟಾರಿನ ಬ್ರಷ್ ಬೇಗ ಸವೆಯುತ್ತದೆ, ಸದ್ದು ಬೇರೆ. ನಡುವೆ ಕತ್ತರಿಸಿ ಟೇಪ್ ಸುತ್ತಿದ ವೈರು ಬಾನೆಟ್ಟಿನ ಬಿಸಿಯಲ್ಲಿ ಎಷ್ಟು ದಿನ ತಡೆಯುತ್ತದೋ ದೇವರೇ ಬಲ್ಲ. ರೆಸಿಸ್ಟರ್ ಅಂಗಡಿಯಲ್ಲಿ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಕಾದೆ. ಬೆಲೆ ಸಾವಿರದೊಳಗೇ ಮುಗಿಯಿತು. 18,000ದ ಕಂಪ್ರೆಸರ್ ಎಲ್ಲಿ, ಇದೆಲ್ಲಿ!

ಹೊಸ ರೆಸಿಸ್ಟರ್ ಕೂತ ಮೇಲೆ ಫ್ಯಾನ್ ಎಸಿ ಜೊತೆಗೇ ಶುರುವಾಯಿತು. ನಿಂತಲ್ಲಿ 20 ಇದ್ದದ್ದು 15ಕ್ಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸಾಕು ಅನ್ನುತ್ತಿದ್ದರೇನೋ. ಆದರೆ ಗೇಜ್ ಇನ್ನೂ ಸಮಾಧಾನದಲ್ಲಿರಲಿಲ್ಲ: ಕೆಂಪು 290, ನೀಲಿ 48. ಫ್ಯಾನ್ ತಿರುಗಿದ ಮೇಲೂ ಎರಡೂ ಜಾಸ್ತಿಯೇ. ಅಂದರೆ ಮೂರು ಅನುಮಾನಗಳಲ್ಲಿ ಇನ್ನೂ ಒಂದೆರಡು ಉಳಿದಿವೆ.

ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡಿದ ಗಾಡಿಯ ಕಂಡೆನ್ಸರ್ ಹೇಗಿರಬೇಕು? ಮುಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಅಂಥ ಕೊಳೆಯೇನೂ ಕಾಣುತ್ತಿರಲಿಲ್ಲ, ಯಾಕೆಂದರೆ ವಾಟರ್ ವಾಶ್‌ನವರು ಮುಂದೆ ತೊಳೆದಿರುತ್ತಾರೆ. ಕೊಳೆ ಇರುವುದು ಹಿಂದೆ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಎರಡು ಬೆರಳು ಅಗಲದ ಸಂದಿಯಲ್ಲಿ. ಮುಂದಿನ ಬಂಪರ್ ಬಿಚ್ಚಿಸಿ, ಮೇಲಿನ ಬ್ರಾಕೆಟ್ ಸಡಿಲಿಸಿ, ಕಂಡೆನ್ಸರನ್ನು ಪೈಪ್ ತೆಗೆಯದೆ ಸ್ವಲ್ಪ ಮುಂದಕ್ಕೆ ವಾಲಿಸಿದೆವು. ತಳದ ಮೂರನೇ ಒಂದು ಭಾಗ ಧೂಳು, ಸತ್ತ ಹುಳ, ಹುಣಸೆ ಎಲೆ ಸೇರಿ ಗಾರೆ ಹಚ್ಚಿದಂತಾಗಿತ್ತು. ಸಾಮಾನ್ಯ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಡುತ್ತಾ, ಮೆತ್ತನೆ ಬ್ರಷ್‌ನಲ್ಲಿ ಕಂಡೆನ್ಸರಿನ ತೆಳು ರೆಕ್ಕೆಗಳ ಉದ್ದಕ್ಕೆ ಮಾತ್ರ ಎಳೆದು ತೊಳೆದೆವು. ಪ್ರೆಷರ್ ವಾಶರ್ ಹತ್ತಿರ ತರಲು ನಾನು ಬಿಡಲಿಲ್ಲ. ಆ ಅಲ್ಯೂಮಿನಿಯಂ ರೆಕ್ಕೆಗಳು ಉಗುರು ತಾಗಿದರೂ ಮಡಚಿಕೊಳ್ಳುತ್ತವೆ, ಮಡಚಿಕೊಂಡರೆ ಗಾಳಿ ಹೋಗುವ ದಾರಿ ಬಂದ್. ಸುಮಾರು ಹೊತ್ತು ಕೆಂಪು ನೀರು ಹರಿಯುತ್ತಲೇ ಇತ್ತು. ಬಂಪರ್ ಬಿಚ್ಚಿದ್ದಾಗಲೇ ಕಂಡೆನ್ಸರಿನ ಮೂಲೆ, ಪೈಪ್ ಸೇರುವ ಜಾಗಗಳನ್ನೆಲ್ಲ ಬೆರಳಾಡಿಸಿ ನೋಡಿದೆ. ಗ್ಯಾಸ್ ಲೀಕ್ ಆಗುವಲ್ಲಿ ಅದರ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬಂದು ಧೂಳು ಅಂಟಿ ಕಪ್ಪು ಜಿಡ್ಡು ಕೂತಿರುತ್ತದೆ. ಅಂಥದ್ದೇನೂ ಇರಲಿಲ್ಲ.

ಇದಾದ ಮೇಲೆ 270, 46. ವೆಂಟಿನಲ್ಲಿ 14. ಇಷ್ಟೆಲ್ಲ ಮಾಡಿದರೂ ಒಂದೇ ಡಿಗ್ರಿ! ಈಗ ಉಳಿದದ್ದು ಗ್ಯಾಸ್. ಆದರೆ ಎಲ್ಲರೂ ಹೇಳಿದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ.

ಭಾವನಿಗೆ ಫೋನ್ ಮಾಡಿ, "ಗ್ಯಾಸ್ ಹೊಡೆಸಿದಾಗ ಹಳೇದನ್ನ ತೆಗೆದಿದ್ರಾ, ತೂಕ ಮಾಡಿ ಹಾಕಿದ್ರಾ?" ಅಂತ ಕೇಳಿದೆ. "ಏ ಇಲ್ಲಪ್ಪ, ಡಬ್ಬಿ ಹಚ್ಚಿದ, ಪೈಪ್ ಮುಟ್ಟಿ ನೋಡಿದ, ತಣ್ಣಗಾಯ್ತು ಸರ್ ಅಂದ" ಅಂದರು. ಅಲ್ಲಿಗೆ ಲೆಕ್ಕ ಸಿಕ್ಕಿತು.

ಬಾನೆಟ್ಟಿನ ಒಳಗೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ, ಯಾರೂ ಓದುವುದಿಲ್ಲ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ನನ್ನದರಲ್ಲಿ ಆರ್134ಎ, 380 ಗ್ರಾಂ. ಇಷ್ಟು ಸಣ್ಣ ಲೆಕ್ಕದಲ್ಲಿ ಐವತ್ತು ಗ್ರಾಂ ಆಚೀಚೆ ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯ ಗ್ಯಾಸನ್ನು ಎಳೆದು ತೂಕ ಹಾಕುವ ಮಷೀನ್ ಇರುವ ಕಡೆಗೇ ಹೋಗಬೇಕು ಅಂತ ಬಳ್ಳಾರಿಗೆ ಹೋದೆ. ನಮ್ಮೂರ ಗ್ಯಾರೇಜಿನವರು "ಇಲ್ಲೇ ಬಿಟ್ಟುಬಿಡೋಣ ಸರ್, ಭುಸ್ ಅಂತ ಹೋಗುತ್ತೆ" ಅಂದಿದ್ದರು. ಆದರೆ ಗಾಳಿಗೆ ಬಿಟ್ಟರೆ ಎಷ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ, ನನಗೆ ಬೇಕಿದ್ದುದೇ ಆ ಅಂಕಿ. ಜೊತೆಗೆ ಈ ಗ್ಯಾಸ್ ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ನಮ್ಮ ಸೆಕೆ ಕಳೆಯಲು ಹೋಗಿ ಇನ್ನಷ್ಟು ಸೆಕೆ ಮಾಡೋದ್ಯಾಕೆ? ಇನ್ನೊಂದು ಮಾತು, ಅದು ದ್ರವವಾಗಿ ಹೊರಬಂದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಕೈಗೆ ಬಿದ್ದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ಕೇಳುವುದೇ ಬೇಡ.

ಬಳ್ಳಾರಿಯ ಮೆಕ್ಯಾನಿಕ್ ವಯಸ್ಸಾದವರು, ಎಲ್ಲರೂ ಭಾಯ್ ಅಂತ ಕರೆಯುತ್ತಾರೆ. ನಾನು ಕತೆ ಹೇಳಲು ಶುರು ಮಾಡಿದರೆ "ಮಷೀನ್ ಹೇಳ್ತದೆ ಬಿಡಿ ಸರ್" ಅಂದರು. ಹೋಸ್ ಹಚ್ಚಿದರು. ಪರದೆಯ ಮೇಲೆ ಗ್ರಾಂ ಏರುತ್ತಾ ಹೋಯಿತು. 200, 300. 380 ದಾಟಿತು. 450. ಭಾಯ್ ನನ್ನ ಮುಖ ನೋಡಿದರು. ಕೊನೆಗೆ ನಿಂತಿದ್ದು 510ರಲ್ಲಿ. "ಊಟ ಆದವ್ರಿಗೆ ಮತ್ತೆ ಊಟ ಹಾಕವ್ರೆ" ಅಂತ ನಕ್ಕರು.

ಜಾಸ್ತಿ ಇದ್ದರೆ ಜಾಸ್ತಿ ತಂಪಾಗಬೇಕಲ್ವಾ ಅಂತ ಅನ್ನಿಸುವುದು ಸಹಜ. ಆಗುವುದಿಲ್ಲ. ಕಂಪ್ರೆಸರಿನಿಂದ ಬರುವ ಬಿಸಿ ಆವಿ ಕಂಡೆನ್ಸರಿನೊಳಗೆ ತಣ್ಣಗಾಗಿ ದ್ರವವಾಗಬೇಕು. ಗ್ಯಾಸ್ ಜಾಸ್ತಿಯಾದರೆ ಕೆಳಗಿನ ಟ್ಯೂಬುಗಳೆಲ್ಲ ಮೊದಲೇ ದ್ರವದಿಂದ ತುಂಬಿಕೊಂಡು ಆವಿ ತಣ್ಣಗಾಗಲು ಜಾಗವೇ ಉಳಿಯುವುದಿಲ್ಲ. ಒತ್ತಡ ಏರುತ್ತದೆ, ಕಂಪ್ರೆಸರ್ ತಿಣುಕುತ್ತದೆ, ಅದರ ಜೊತೆ ಎಂಜಿನ್ನೂ. ನನ್ನ ಗಾಡಿಯಲ್ಲಿ ಫ್ಯಾನಿಲ್ಲ, ಹಿಂದೆ ಕೆಸರು, ಒಳಗೆ ನೂರಮೂವತ್ತು ಗ್ರಾಂ ಹೆಚ್ಚುವರಿ. ಬಹುಶಃ ಮೊದಲು ಕೆಟ್ಟಿದ್ದು ರೆಸಿಸ್ಟರ್, ಆ ವೀಕ್ ಕೂಲಿಂಗಿಗೆ ಔಷಧಿ ಅಂತ ಹಾಕಿದ್ದು ಗ್ಯಾಸ್.

ಎಳೆದ ಮೇಲೆ ವ್ಯಾಕ್ಯೂಮ್. ಒಳಗೆ ಸೇರಿರಬಹುದಾದ ಗಾಳಿ ಹೋಗಲಿ, ತೇವ ಇದ್ದರೆ ಕಡಿಮೆ ಒತ್ತಡದಲ್ಲಿ ಕುದ್ದು ಆವಿಯಾಗಿ ಹೊರಬರಲಿ ಅಂತ ಅರ್ಧ ಗಂಟೆ ಪಂಪ್ ಓಡಿಸಿದರು. ಗೇಜ್ 28 ಇಂಚಿನ (ಪಾದರಸದ ಲೆಕ್ಕ) ಹತ್ತಿರ ನಿಂತಿತು. ಇಂಟರ್ನೆಟ್ಟಿನಲ್ಲಿ ನೋಡಿಕೊಂಡು 29, 30 ಬರಲಿಲ್ಲ ಅಂತ ಮೆಕ್ಯಾನಿಕ್ ಜೊತೆ ಜಗಳ ಆಡಬೇಡಿ. ಆ ಅಂಕಿ ಸಮುದ್ರ ಮಟ್ಟದ ಊರಿನದ್ದು. ಬಳ್ಳಾರಿ ಎತ್ತರಕ್ಕೆ 28 ಚಿಲ್ಲರೆ ಅಂದರೆ ಪೂರ್ತಿ ಖಾಲಿ ಅಂತಲೇ, ಬೆಂಗಳೂರಿನಲ್ಲಿ 27ರ ಆಸುಪಾಸು. ನೋಡಬೇಕಾದ್ದು ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿದ ಮೇಲೆ ಮುಳ್ಳು ಅಲ್ಲೇ ಇರುತ್ತದಾ ಅಂತ. ನಾವು ಚಹಾ ಕುಡಿದು ಬರುವಷ್ಟು ಹೊತ್ತು ಅಲ್ಲೇ ಇತ್ತು. ಗ್ಯಾಸಿನ ಜೊತೆ ಹೊರಬಂದ ಎಣ್ಣೆಯನ್ನು ಮಷೀನಿನ ಸಣ್ಣ ಬಾಟಲಿಯಲ್ಲಿ ಅಳೆದು, ಅಷ್ಟೇ ಹೊಸ ಎಣ್ಣೆ ಹಾಕಿ, 380 ಗ್ರಾಂ ತೂಕಕ್ಕೆ ಸರಿಯಾಗಿ ತುಂಬಿದರು.

ಕೆಂಪು 235, ನೀಲಿ 38. ಬಳ್ಳಾರಿಯ ಮಧ್ಯಾಹ್ನ, ಹೊರಗೆ 40, ಗಾಡಿ ನಿಂತಲ್ಲೇ ವೆಂಟಿನಲ್ಲಿ 10. ವಾಪಸ್ ಬರುವಾಗ ರಸ್ತೆಯಲ್ಲಿ 7ರವರೆಗೂ ಇಳಿಯಿತು, ಹಿಂದೆ ಕೂತಿದ್ದ ಮಗಳು ಬ್ಲೋವರ್ ಕಡಿಮೆ ಮಾಡಿ ಅಂದಳು. ಮೊದಲು ಎಸಿ ಹಾಕಿದ ತಕ್ಷಣ ಎಂಜಿನ್ ಜಗ್ಗಿದ ಹಾಗಾಗುತ್ತಿತ್ತು, ಅದೂ ಬಹಳ ಕಡಿಮೆಯಾಗಿದೆ.

ಒಂದು ಬಾಕಿ ಇದೆ. ಎಸಿ ಆಫ್ ಇದ್ದಾಗ ಕಂಪ್ರೆಸರ್ ಕಡೆಯಿಂದ ಸಣ್ಣಗೆ ಕಿರ್ ಅನ್ನುವ ಸದ್ದು, ಎಸಿ ಹಾಕಿದರೆ ನಿಲ್ಲುತ್ತದೆ. ಆಫ್ ಇದ್ದಾಗ ಬೆಲ್ಟಿನ ಜೊತೆ ಬರೀ ಪುಲ್ಲಿ ತಿರುಗುತ್ತಿರುತ್ತದೆ, ಹಾಗಾಗಿ ಅದರ ಬೇರಿಂಗ್ ಇರಬೇಕು ಅಂತ ಭಾಯ್ ಹೇಳಿದ್ದಾರೆ. ಕಂಪ್ರೆಸರ್ ಬದಲಿಸುವುದೇನೂ ಬೇಡ, ಬೇರಿಂಗ್ ಮಾತ್ರ ಹಾಕಿದರೆ ಸಾಕು, ಗ್ಯಾಸ್ ತೆಗೆಯುವ ಕೆಲಸವೂ ಇಲ್ಲವಂತೆ. ಸದ್ದು ಜೋರಾದರೆ ಬನ್ನಿ ಅಂದಿದ್ದಾರೆ. ಸದ್ಯಕ್ಕೆ ಜೋರಾಗಿಲ್ಲ.